ಸಸ್ಯಾಹಾರಿ ಬಿಲ್ಡಿಂಗಿನಲ್ಲಿ ಒಂದು ಇಡೀ ಕೋಳಿ

ಸುಳ್ಳು ಹೇಳಿ ಬಾಡಿಗೆ ಮನೆ ಹಿಡಿದವರಿಗೆ ಇಂಥವು ಆಗುತ್ತಲೇ ಇರುತ್ತವೆ. ಬೇರೆಯವರು ಮುಚ್ಚಿಡುತ್ತಾರೆ, ನನಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅಷ್ಟೇ ವ್ಯತ್ಯಾಸ.

೧. ಒಂದೇ ಷರತ್ತು

ಕಿಲಿಮಾನಿ ಬಡಾವಣೆಯ ನಮ್ಮ ಫ್ಲ್ಯಾಟಿನ ಮಾಲೀಕರು ಮೇಲಿನ ಮಹಡಿಯಲ್ಲೇ ಇದ್ದಾರೆ. ಅಜ್ಜನ ಕಾಲದಿಂದ ನೈರೋಬಿಯಲ್ಲಿರುವ ಭಾರತೀಯರು. ನಮ್ಮ ಜೊತೆ ಹಿಂದಿಯಲ್ಲಿ ಮಾತಾಡುತ್ತಾರೆ, ನಿಮಗೆ ನಾನು ಅದನ್ನು ಕನ್ನಡದಲ್ಲೇ ಹೇಳುತ್ತೇನೆ. ಮನೆ ನೋಡಲು ಹೋದಾಗ ತಮ್ಮ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು: "ಅಡುಗೆಮನೆಗೆ ಮಾಂಸ ಬರಕೂಡದು. ನೀವು ಶುದ್ಧ ಸಸ್ಯಾಹಾರಿಗಳು ತಾನೆ?"

"ನಾನು ಮೊಟ್ಟೆಯನ್ನೂ ಮುಟ್ಟೋದಿಲ್ಲ" ಎಂದೆ.

ಮಾಲೀಕರು ನನ್ನ ಹೊಟ್ಟೆಯನ್ನು ಒಂದು ಗಳಿಗೆ ನೋಡಿ ಬೀಗದ ಕೈ ಕೊಟ್ಟರು. ನಮಗಿಂತ ಮೊದಲು ಇದ್ದವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನದ ಸಂಸಾರವಂತೆ. ಅವರನ್ನೇಕೆ ಬಿಡಿಸಿದರೋ ತಿಳಿಯಲಿಲ್ಲ. ನಾನಂತೂ ಪೂರ್ತಿ ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಮೊಟ್ಟೆ ಒಡೆಯುವುದು ನನ್ನ ಹೆಂಡತಿ.

೨. ಬೆನ್ನುಮೂಳೆ

ಕೋಳಿಯನ್ನು ಮಾತ್ರ ಹೊರಗೇ ತಿಂದು ಬರುತ್ತಿದ್ದೆವು. ಈ ಸಲ ಹನ್ನೆರಡು ತುಂಬುವ ಮಗಳು ಹಟ ಹಿಡಿದಳು. ಹುಟ್ಟುಹಬ್ಬಕ್ಕೆ ಇಡೀ ಕೋಳಿಯನ್ನು ಚಪ್ಪಟೆ ಮಾಡಿ ತರಕಾರಿಯ ಜೊತೆ ಓವನ್ನಿನಲ್ಲಿ ಸುಡಬೇಕಂತೆ. "ಅಟ್ ಹೋಮ್, ಅಪ್ಪಾ. ನಾಟ್ ಆರ್ಡರ್ಡ್." ಸಿಕ್ಕಿಬಿದ್ದರೆ ಮನೆ ಹೋಗುತ್ತದೆ, ಅವಳ ಶಾಲೆಗೆ ಇಷ್ಟು ಹತ್ತಿರ ಇನ್ನೊಂದು ಸಿಗುವುದಿಲ್ಲ. ನನಗೆ ನಿಜಕ್ಕೂ ಭಯವಾಗಿತ್ತು. ಆದರೂ ಅವಳ ಮುಖ ನೋಡಿ ಹೂಂ ಅಂದುಬಿಟ್ಟೆ.

ಪರಿಚಯದವರು ಕಾಣಬಾರದೆಂದು ವೆಸ್ಟ್‌ಲ್ಯಾಂಡ್ಸ್‌ವರೆಗೆ ಹೋದೆ. ಕೋಳಿ ಅಂಗಡಿಯವನು ನನ್ನ ಮುಖ ನೋಡಿದ್ದೇ ಸಾರಿನ ತುಂಡು ಮಾಡಲು ಕತ್ತಿ ಎತ್ತಿದ. "ಹಪಾನ, ಹಪಾನ" ಎಂದು ಅವನ ಭಾಷೆಯಲ್ಲೇ ಬೇಡವೆಂದು ತಡೆದು, ಇಡಿಯಾಗಿಯೇ ಚಪ್ಪಟೆ ಮಾಡಿಕೊಡು ಎಂದೆ. ಅವನು ಕತ್ತರಿಯಿಂದ ಬೆನ್ನುಮೂಳೆ ತೆಗೆದು, ಕೋಳಿಯನ್ನು ಬೋರಲು ಹಾಕಿ, ಅಂಗೈಯಿಂದ ಒಮ್ಮೆ ಒತ್ತಿದ.

"ಬಾಸ್, ಬೆನ್ನುಮೂಳೆ ತೆಗೆದರೆ ಮುಗೀತು. ಆಮೇಲೆ ಹೇಗೆ ಒತ್ತಿದರೂ ಮಲಗುತ್ತೆ."

ಹದಿನೆಂಟು ವರ್ಷದಿಂದ ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿರುವ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

೩. ಲಿಫ್ಟಿನಲ್ಲಿ

ಚೀಲದ ತಳದಲ್ಲಿ ಕೋಳಿ, ಮೇಲೆ ಎರಡು ಕಟ್ಟು ಸೊಪ್ಪು. ಲಿಫ್ಟಿನಲ್ಲಿ ಮಾಲೀಕರ ಹೆಂಡತಿ ಸಿಕ್ಕಿದರು.

"ಎಷ್ಟು ಒಳ್ಳೆ ಸೊಪ್ಪು. ನಮ್ಮ ಯಜಮಾನರಿಗೂ ಸ್ವಲ್ಪ ಬುದ್ಧಿ ಹೇಳಿ. ಮನೆ ಊಟ ಸೇರೋದೇ ಇಲ್ಲ. ತಾರಸಿಗೆ ವಾಕಿಂಗ್ ಅಂತ ಹೋಗ್ತಾರೆ, ಬಂದಮೇಲೆ ಹಸಿವೇ ಇಲ್ಲ ಅಂತಾರೆ."

"ಹೇಳ್ತೀನಿ ಆಂಟಿ" ಎಂದು ಕೋಳಿಯನ್ನು ಎದೆಗವಚಿಕೊಂಡೆ.

೪. ವ್ರತದ ತರಕಾರಿ

ಹುಟ್ಟುಹಬ್ಬ ಶನಿವಾರವೇ ಬಂದಿತ್ತು. ಶನಿವಾರ ನನ್ನ ಹೆಂಡತಿಗೆ ವ್ರತ, ಮಾಂಸ ತಿನ್ನುವುದಿಲ್ಲ. ಟ್ರೇಯಲ್ಲಿ ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ ಹರಡಿ, ಮೇಲೆ ಮೊಸರು ಖಾರ ಸವರಿದ ಕೋಳಿಯನ್ನು ಮಲಗಿಸಿ ಓವನ್ನಿಗಿಟ್ಟಳು. ವಾಸನೆ ಮುಚ್ಚಲು ಊದುಬತ್ತಿ ಹಚ್ಚಿ, ಇಂಗಿನ ಒಗ್ಗರಣೆಯನ್ನೂ ಹಾಕಿದಳು.

"ಕೋಳಿ ನಿಮಗೆ, ತರಕಾರಿ ನನಗೆ" ಎಂದಳು, ಬೆಂದ ಟ್ರೇಯನ್ನು ಹೊರತೆಗೆಯುತ್ತ.

"ಕೋಳಿಯ ಕೊಬ್ಬೆಲ್ಲ ಅದರ ಮೇಲೇ ಇಳಿದಿದೆಯಲ್ಲೇ."

"ಕೋಳಿ ಬಂದು ಮೇಲೆ ಕೂತರೆ ತರಕಾರಿ ಏನ್ರೀ ಮಾಡತ್ತೆ ಪಾಪ?"

ಉಪ್ಪು ನೋಡುತ್ತೇನೆಂದು ಒಂದು ಆಲೂಗಡ್ಡೆ ಬಾಯಿಗೆ ಹಾಕಿಕೊಂಡಳು. ಕೋಳಿ ಮೇಜಿಗೆ ಬರುವಷ್ಟರಲ್ಲಿ ಅದರ ಕೆಳಗಿದ್ದ ಅರ್ಧ ತರಕಾರಿ ವ್ರತದ ಪಾಲಾಗಿತ್ತು.

೫. ಕಾಲಿಂಗ್ ಬೆಲ್

ಮಗಳು ಇನ್ನೂ ತಟ್ಟೆ ಹಿಡಿದಿದ್ದಳು, ಬೆಲ್ ಆಯಿತು. ಬಾಗಿಲಲ್ಲಿ ಮಾಲೀಕರು. ಮೇಲಿನ ಮಹಡಿಗೂ ಕೇಳಿಸುವಂತೆ ಗುಡುಗಿದರು: "ಏನು ವಾಸನೆ ಇದು? ನನ್ನ ಬಿಲ್ಡಿಂಗಿನಲ್ಲಿ ಇದನ್ನೆಲ್ಲ ಸಹಿಸೋದಿಲ್ಲ." ಒಳಗೆ ಬಂದು ಬಾಗಿಲು ಹಾಕಿಕೊಂಡರು.

"ಅಪ್ಪಾ, ಆರ್ ವೀ ಲೂಸಿಂಗ್ ದ ಹೌಸ್?" ಎಂದಳು ಮಗಳು. ಅವಳ ಕಣ್ಣು ತುಂಬಿದ್ದು ಕಂಡು ನನ್ನ ಮೇಲೆ ನನಗೇ ಅಸಹ್ಯವಾಯಿತು.

ನಾನು ಕೈ ಮುಗಿದೆ. "ತಪ್ಪಾಯ್ತು ಅಂಕಲ್. ಇವತ್ತಿನಿಂದ ನಿಜವಾಗಲೂ ಸಸ್ಯಾಹಾರಿಗಳಾಗ್ತೀವಿ. ಮನೆ ಮಾತ್ರ ಬಿಡಿಸಬೇಡಿ."

ಮಾಲೀಕರು ಗಾಬರಿಯಾದರು. ಕುರ್ಚಿ ಎಳೆದುಕೊಂಡು ಕೂತು, ಕೋಳಿಯ ಒಂದು ಕಾಲು ಮುರಿದುಕೊಂಡು, ದನಿ ತಗ್ಗಿಸಿದರು.

"ಅಂಥ ಕೆಲಸ ಮಾತ್ರ ಮಾಡಬೇಡಿ. ಹಿಂದಿನವರನ್ನ ಅದಕ್ಕೇ ಬಿಡಿಸಿದ್ದು. ನಾನು ತಾರಸಿಯಲ್ಲಿ ಕೋಳಿ ಪೊಟ್ಟಣ ಬಿಚ್ಚಿದಾಗಲೆಲ್ಲ ನನ್ನ ಹೆಂಡತಿ, ವಾಸನೆ ಯಾರ ಮನೇದು ಅಂತ ಕೇಳೋಳು. ಬೆರಳು ತೋರಿಸೋಣ ಅಂದರೆ ಇಡೀ ಬಿಲ್ಡಿಂಗಿನಲ್ಲಿ ಅಂಥ ಒಂದು ಮನೆಯೂ ಇರಲಿಲ್ಲ."