ಕಿಟಕಿ ಮೇಜಿನ ಕಾಳಗ

ಹಿರಿಯ ಗುಮಾಸ್ತರು ನಿವೃತ್ತರಾಗಿ ಮನೆಗೆ ಹೋದದ್ದೇ ತಡ, ಆ ಕಚೇರಿಗೆ ಶನಿ ವಕ್ಕರಿಸಿತು. ಅವರು ಬಿಟ್ಟುಹೋದದ್ದು ಕಿಟಕಿ ಪಕ್ಕದ ಮೇಜು. ಬೆಳಗ್ಗೆ ಬಿಸಿಲು, ಮಧ್ಯಾಹ್ನ ಗಾಳಿ, ಬೇಸರವಾದಾಗ ನೋಡಲು ಒಂದಿಡೀ ಬೀದಿ!

ಅದು ತನಗೆ ಬೇಕೆಂದು ಮೊದಲು ಬಾಯಿ ಬಿಟ್ಟವನು ದ್ವಾರಪಾಲಕ. ಕಡತಗಳಿಗೆ ನಂಬರು ಹಾಕುವ ಈ ಬಡಪಾಯಿಗೆ ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಆದರೆ ಒಂಬತ್ತು ವರ್ಷದಿಂದ ಟಾಯ್ಲೆಟ್ ಬಾಗಿಲ ಪಕ್ಕದಲ್ಲೇ ಕೂತು ಕೂತು ಅದು ಎಲ್ಲರಿಗೂ ಮರೆತೇಹೋಗಿತ್ತು. ಬಾಗಿಲು ಕಿರ್ರೆಂದಾಗ ತಲೆಯೆತ್ತುವುದು, ಹೊರಬಂದವರನ್ನು ನೋಡಿ ಹಲ್ಲು ಕಿರಿಯುವುದು, ಮತ್ತೆ ಕಡತಕ್ಕೆ ಬಗ್ಗುವುದು, ಇಷ್ಟೇ ಅವನ ಬದುಕು. ಸಂಜೆ ಮನೆಗೆ ಹೋದರೆ ಹೆಂಡತಿ ಅವನ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ನೇತುಹಾಕುತ್ತಿದ್ದಳು. ಅಷ್ಟು ಫಿನಾಯಿಲ್ ವಾಸನೆ.

"ಇವತ್ತು ಆ ಮೇಜು ಸಿಗ್ಲಿಲ್ಲ ಅಂದ್ರೆ ನಿಮ್ಮ ಹಾಸಿಗೆನೂ ಅಂಗಿ ಪಕ್ಕದಲ್ಲೇ," ಎಂದು ಮೇಜಿನ ತೀರ್ಮಾನವಾಗಬೇಕಿದ್ದ ದಿನ ಬೆಳಗ್ಗೆ ಬಾಗಿಲವರೆಗೆ ಬಂದು ಹೇಳಿ ಕಳಿಸಿದ್ದಳು.

ಎರಡನೇ ಹಕ್ಕುದಾರ ಟಪಾಲು ರವಾನಿಸುವ ಚಿಗರೆ, ನಿಂತಲ್ಲಿ ನಿಲ್ಲದ ಪ್ರಾಣಿ. ಮೂರನೆಯವಳು ಟೈಪಿಸ್ಟ್ ಅಕ್ಕ. ಮೂರು ವಾರ ಮಾತಿಗೆ ಮಾತು ಬೆಳೆದು ಕಚೇರಿಯೇ ರಣರಂಗವಾಗಿದ್ದಾಗ, ಕಂಪ್ಯೂಟರು ನೋಡಿಕೊಳ್ಳುವ ಗಡ್ಡದವನು ಮ್ಯಾನೇಜರ ಕಿವಿಯೂದಿದ. ಅವನಿಗೆ ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಒಂದು ಆಟದ ಹುಚ್ಚು. ಎಲ್ಲರೂ ಒಟ್ಟಿಗೆ ಅಖಾಡಕ್ಕಿಳಿದು ಸಿಕ್ಕಸಿಕ್ಕವರನ್ನು ಹೊಡೆಯಬೇಕು. ಸತ್ತವರು ಮೂರೇ ಸೆಕೆಂಡಿನಲ್ಲಿ ಎದ್ದು ಬಂದು ಮತ್ತೆ ಹೊಡೆಯಬೇಕು. ಬೆಂಕಿ ಬಿದ್ದರೆ ಓಡಬೇಕಾದ ದಾರಿಯ ನಕ್ಷೆ ಗೋಡೆ ಮೇಲಿತ್ತಲ್ಲ, ಅದನ್ನಿಟ್ಟುಕೊಂಡು ಪುಣ್ಯಾತ್ಮ ಆಟದೊಳಗೆ ಈ ಕಚೇರಿಯನ್ನೇ ಕಟ್ಟಿದ್ದ, ಗೋಡೆ ಮೇಲಿನ ಟೀ ಕಲೆಯ ಸಮೇತ.

"ಸಿಬ್ಬಂದಿ ದಿನಕ್ಕೆ ಈ ಸಲ ಕುರ್ಚಿ ಆಟ ಬೇಡ," ಎಂದು ಮ್ಯಾನೇಜರು ತೀರ್ಪು ಕೊಟ್ಟರು. "ಇದನ್ನೇ ಆಡೋಣ. ಅರ್ಧ ಗಂಟೆ. ಯಾರು ಹೆಚ್ಚು ಜನಾನ ಹೊಡೀತಾರೋ ಅವರಿಗೆ ಕಿಟಕಿ ಮೇಜು. ನಾನೂ ಆಡ್ತೀನಿ, ಮ್ಯಾನೇಜರ್ ಅಂತ ಯಾರೂ ಮುಖ ನೋಡ್ಬೇಡಿ."

ಎಲ್ಲರೂ ಅವರವರ ಕಂಪ್ಯೂಟರಿನ ಮುಂದೆ ಕೂತರು. ಸೀಟಿ ಬಿತ್ತು. ದ್ವಾರಪಾಲಕ ಮೌಸು ಅಲ್ಲಾಡಿಸಿದ್ದೇ ಸರಿ, ಪರದೆಯೊಳಗೆ ಅವನ ಮುಖ ಮೇಲಕ್ಕೆ ತಿರುಗಿ ಫ್ಯಾನಿಗೆ ನೆಟ್ಟುಬಿಟ್ಟಿತು.

"ಕೆಳಗೆ ನೋಡಿ ಸಾರ್, ಕೆಳಗೆ!" ಟೀ ತಟ್ಟೆ ಹಿಡಿದು ಬೆನ್ನಿಗೆ ನಿಂತ ಜವಾನ ಕೂಗಿದ.

"ನೋಡ್ತಾ ಇದೀನಲ್ಲಯ್ಯಾ, ಅದು ಬರ್ತಿಲ್ಲ!"

ಢಮ್! ಇರುವೆ ಕಂಡರೆ ಸುತ್ತಿ ಹೋಗುವ ಟೈಪಿಸ್ಟ್ ಅಕ್ಕ ರಾಕೆಟ್ ಬಿಟ್ಟು ಅವನನ್ನು ಚಿಂದಿ ಮಾಡಿದ್ದಳು. "ಅಯ್ಯೋ ಪಾಪ, ನಿಮಗೇ ಬಿತ್ತಾ?" ಎಂದು ಕನಿಕರಪಟ್ಟು, ಅವನು ಎದ್ದು ಬಂದ ಕೂಡಲೇ ಇನ್ನೊಂದು ಬಿಟ್ಟಳು.

ಎದ್ದು ಬರುವುದೆಂದರೆ ಟಾಯ್ಲೆಟ್ಟಿನಿಂದ. ಯಾರ ಕೆಲಸಕ್ಕೂ ಅಡ್ಡಿಯಾಗದ ಕೋಣೆ ಅದೊಂದೇ ಎಂದು ಗಡ್ಡದವನು ಸತ್ತವರನ್ನೆಲ್ಲ ಅಲ್ಲೇ ಹುಟ್ಟಿಸುತ್ತಿದ್ದ.

ಅತ್ತ ಚಿಗರೆ ತನ್ನ ಕಾಲಬುಡಕ್ಕೇ ರಾಕೆಟ್ ಹೊಡೆದುಕೊಂಡು, ಆ ರಭಸಕ್ಕೆ ಕಪಾಟುಗಳ ಮೇಲೆ ಹಾರಾಡುತ್ತಿದ್ದ. "ನೀವೂ ಹಾರಿ ಸಾರ್!" ಎಂದ ಜವಾನ. ದ್ವಾರಪಾಲಕ ಹಾರಿದ, ಮೂರು ತುಂಡಾಗಿ ಇಳಿದ. ತನ್ನನ್ನು ತಾನೇ ಕೊಂದುಕೊಂಡರೆ ಒಂದು ಅಂಕ ಕಳೆಯುತ್ತಾರೆ ಎಂಬುದು ಆಗ ಗೊತ್ತಾಯಿತು. ಐದು ನಿಮಿಷದಲ್ಲಿ ಅವನ ಅಂಕ ಸೊನ್ನೆಗಿಂತ ನಾಲ್ಕು ಕೆಳಗಿತ್ತು. ತಲೆ ಗಿರ್ರೆನ್ನುತ್ತಿತ್ತು. ಇನ್ನು ನಿವೃತ್ತಿಯವರೆಗೂ ಫಿನಾಯಿಲೇ ಗತಿ ಎಂದು ನೆನೆದು ಅವನಿಗೆ ಅಳುವೇ ಬಂತು.

"ಎಲ್ಲಿಗೆ ಹೊರಟ್ರಿ ಸಾರ್?"

"ನನ್ನ ಜಾಗಕ್ಕೆ. ತಲೆ ಸುತ್ತುತ್ತಿದೆ, ಒಂದು ಗಳಿಗೆ ಕೂತ್ಕೋತೀನಿ."

ಆಟದೊಳಗಿನ ತನ್ನ ಮೇಜಿನ ಹಿಂದೆ ಹೋಗಿ ಕುಕ್ಕರಿಸಿದ. ಮೌಸು ಅಲ್ಲಾಡಿಸಲಿಲ್ಲ, ಜೀವಕ್ಕೆ ಹಾಯೆನಿಸಿತು. ಅಷ್ಟರಲ್ಲಿ ಕಿರ್ರ್! ಗಡ್ಡದವನು ಬಾಗಿಲ ಸದ್ದನ್ನೂ ಬಿಟ್ಟಿರಲಿಲ್ಲ. ಒಂಬತ್ತು ವರ್ಷದ ಅಭ್ಯಾಸ. ದ್ವಾರಪಾಲಕ ತಲೆಯೆತ್ತಿದ, ಬೆರಳು ತಾನಾಗಿ ಒತ್ತಿತು. ಟೈಪಿಸ್ಟ್ ಅಕ್ಕ ಮಟಾಷ್.

"ಯಾರ್ರೀ ಅದು?" ಎಂದು ಅತ್ತಲಿಂದ ಕೂಗು ಬಂತು.

ಅಲ್ಲಿಂದ ಶುರುವಾಯಿತು ನೋಡಿ. ಆ ಬಾಗಿಲಿಂದ ಯಾರು ಹೇಗೆ ಬರುತ್ತಾರೆಂದು ಅವನಷ್ಟು ಬಲ್ಲವರು ಯಾರು? ಅಕ್ಕ ಹೊರಬಂದವಳೇ ಎಡಕ್ಕೆ ತಿರುಗುತ್ತಾಳೆ, ಕನ್ನಡಿ ಇರುವುದು ಅಲ್ಲಿ. ಮ್ಯಾನೇಜರು ಹೊಸ್ತಿಲಲ್ಲಿ ನಿಂತು ಮೊದಲು ಆಚೀಚೆ ನೋಡುತ್ತಾರೆ. ಚಿಗರೆ ಕೈ ತೊಳೆಯದವನು, ನೆಟ್ಟಗೆ ಓಡಿ ಬರುತ್ತಾನೆ. ಆಟದಲ್ಲೂ ಒಬ್ಬರೂ ಚಾಳಿ ಬಿಟ್ಟಿರಲಿಲ್ಲ. ದ್ವಾರಪಾಲಕ ಕೂತಲ್ಲೇ "ಒಂದು, ಎರಡು, ಮೂರು" ಎಣಿಸಿ ರಾಕೆಟ್ ಬಿಡತೊಡಗಿದ. ಸತ್ತವರು ಬರಲೇಬೇಕಾದ್ದು ಅಲ್ಲಿಂದಲೇ.

"ಅನ್ಯಾಯ! ಹೊರಗೆ ಕಾಲಿಡೋಕೂ ಬಿಡ್ತಿಲ್ಲ!" ಚಿಗರೆ ಕುರ್ಚಿಯಲ್ಲೇ ಕುಣಿದ.

"ರೀ, ನಾನು ಮ್ಯಾನೇಜರ್ ಕಣ್ರೀ!"

"ಗೊತ್ತು ಸಾರ್," ಎಂದ ದ್ವಾರಪಾಲಕ ವಿನಯದಿಂದ. ಢಮ್!

"ಮೂವತ್ತೊಂಬತ್ತು! ನಲವತ್ತು!" ಜವಾನ ಕೂಗುತ್ತ ಕೂಗುತ್ತ ಟೀಯನ್ನೆಲ್ಲ ಅವನ ಹೆಗಲ ಮೇಲೆ ಸುರಿದ. ಇಬ್ಬರಿಗೂ ಅದರ ಪರಿವೆಯಿರಲಿಲ್ಲ.

ಸೀಟಿ ಬಿದ್ದಾಗ ದ್ವಾರಪಾಲಕನಿಗೆ ನಲವತ್ತೊಂದು, ಚಿಗರೆಗೆ ಹದಿನೇಳು. ದ್ವಾರಪಾಲಕ ಕಾಲು ನೆಲಕ್ಕೆ ತಾಗದಂತೆ ಓಡಾಡಿದ. ಹೆಂಡತಿಗೆ ಫೋನು ಮಾಡಿ, "ಗೆದ್ದೆ ಕಣೇ! ಕಿಟಕಿ ಮೇಜು ನಂದೇ!" ಎಂದು ಕಿರುಚಿದ.

ಮ್ಯಾನೇಜರು ಮಾತ್ರ ಯಾರು ಯಾರು ಎಲ್ಲೆಲ್ಲಿ ಸತ್ತರೆಂಬ ಪಟ್ಟಿಯನ್ನು ಗಡ್ಡದವನಿಂದ ತೆಗೆಸಿ ಓದುತ್ತಿದ್ದರು. ಓದಿ ದ್ವಾರಪಾಲಕನ ಬೆನ್ನು ತಟ್ಟಿದರು.

"ಒಂಬತ್ತು ಸಲ ಪ್ರಯತ್ನಪಟ್ಟೆ ಕಣ್ರೀ, ನಿಮ್ಮ ಕಣ್ಣು ತಪ್ಪಿಸಿ ಒಂದು ಸಲನೂ ಆಚೆ ಬರೋಕಾಗ್ಲಿಲ್ಲ. ಯಾರು ಯಾವಾಗ ಸೀಟು ಬಿಟ್ಟು ಎದ್ದು ಹೋಗ್ತಾರೆ, ಎಷ್ಟು ಹೊತ್ತಿಗೆ ಬರ್ತಾರೆ ಅಂತ ಬರೆದಿಡೋಕೆ ಒಬ್ಬರನ್ನ ನೇಮಿಸಿ ಅಂತ ಹೆಡ್ ಆಫೀಸಿನವರು ಎರಡು ವರ್ಷದಿಂದ ಪ್ರಾಣ ತಿಂತಿದಾರೆ. ತಕ್ಕವರೇ ಸಿಕ್ಕಿರ್ಲಿಲ್ಲ. ನಿಮ್ಮನ್ನ ಆ ಜಾಗದಿಂದ ಏಳಿಸಿದ್ರೆ ನನಗೆ ಪಾಪ ಬರುತ್ತೆ."

"ಸಾರ್, ಕಿಟಕಿ ಮೇಜು..." ದ್ವಾರಪಾಲಕ ಕಿಟಕಿಯತ್ತ ಕೈ ತೋರಿಸಿದ.

"ಕೊಟ್ಟ ಮಾತು ತಪ್ಪೋನಲ್ಲ ನಾನು," ಎಂದ ಮ್ಯಾನೇಜರು ಜವಾನನತ್ತ ತಿರುಗಿದರು. "ಆ ಮೇಜು ಎತ್ಕೊಂಡು ಬಂದು ಇಲ್ಲಿ ಹಾಕು. ಇವರ ಹಳೇ ಮೇಜು ಕಿಟಕಿ ಹತ್ರ ಹಾಕು, ಚಿಗರೆ ಕೂತ್ಕೊಳ್ಳಲಿ."

ಹತ್ತೇ ನಿಮಿಷದಲ್ಲಿ ಕಿಟಕಿ ಮೇಜು ಟಾಯ್ಲೆಟ್ ಬಾಗಿಲಿಗೆ ಬಂದು ನಿಂತಿತು. ಅದರ ಮೇಲೊಂದು ಹೊಸ ನೋಟ್ ಪುಸ್ತಕ. ದ್ವಾರಪಾಲಕ ಕೈಯಿಟ್ಟು ನೋಡಿದ. ಮೇಜು ಇನ್ನೂ ಬಿಸಿಲಿಗೆ ಬೆಚ್ಚಗಿತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಹೊಸ ಮೇಜಿಗೆ ಕೂತ್ರಾ? ಗಾಳಿ ಚೆನ್ನಾಗಿ ಬರ್ತಿದ್ಯಾ?" ಹೆಂಡತಿಯ ದನಿಯಲ್ಲಿ ಸಡಗರ.

ಕಿರ್ರೆಂದು ಬಾಗಿಲು ತೆರೆಯಿತು. ಚಿಗರೆ ಕೈ ತೊಳೆಯದೆ ಹೊರಗೆ ಓಡಿದ.

"ಬರ್ತಿದೆ ಕಣೇ," ಎಂದು ದ್ವಾರಪಾಲಕ ನೋಟ್ ಪುಸ್ತಕ ಬಿಚ್ಚಿ ಅವನು ಹೊರಬಂದ ಹೊತ್ತನ್ನು ಬರೆದುಕೊಂಡ.