ನಿರಂಜನ ಮೇಷ್ಟರು ಹುಟ್ಟಿಸಿದ ಉಚ್ಚಂಗಪ್ಪ

ನಿರಂಜನ ಮೇಷ್ಟರು ಮಾಡಿದ ತಪ್ಪೆಂದರೆ ತಮ್ಮ ಕತೆಯ ಉಚ್ಚಂಗಪ್ಪನಿಗೆ ಒಂದು ಊರು ಕೊಟ್ಟದ್ದು. ‘ಒಂದೂರಿನಲ್ಲಿ’ ಎಂದಷ್ಟೇ ಬರೆದು ಸುಮ್ಮನಿದ್ದರೆ ಆಗುತ್ತಿತ್ತು. ಪಾತ್ರಕ್ಕೆ ಕಾಲೂರಲು ನೆಲ ಬೇಕೆಂದು ಶಿಕಾರಿಪುರ ಎಂದು ಬರೆದುಬಿಟ್ಟರು.

ವಾರಪತ್ರಿಕೆಯಲ್ಲಿ ಅಚ್ಚಾದ ಆ ಕತೆಯ ಉಚ್ಚಂಗಪ್ಪ ಅಣ್ಣತಮ್ಮಂದಿರ ಆಸ್ತಿಯ ಹಿಸ್ಸೆ ಮಾಡಿಸುವ ಹಿರಿಯ. ಅಣ್ಣ ಪಾಲು ಮಾಡಬೇಕು, ತಮ್ಮ ಆರಿಸಿಕೊಳ್ಳಬೇಕು ಎನ್ನುವುದು ಅವನ ಕ್ರಮ. ಹಿಸ್ಸೆ ಮುಗಿಯುವವರೆಗೆ ಆ ಮನೆಯ ನೀರನ್ನೂ ಮುಟ್ಟುವವನಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಮೇಷ್ಟರ ಕಲ್ಪನೆ. ಸೊರಬದ ಸಾಹಿತ್ಯ ಬಳಗವೊಂದು ‘ಸ್ವಂತ ಕಲ್ಪನೆಯ ಉತ್ತಮ ಪಾತ್ರ’ಕ್ಕೆಂದು ಇಟ್ಟ ಬಹುಮಾನ ಅವರಿಗೇ ಬಂದಿತ್ತು. ಅಂದು ಸಂಜೆ ಸನ್ಮಾನ. ಇಸ್ತ್ರಿ ಮಾಡಿದ ಜುಬ್ಬ ಗೋಡೆಯ ಮೊಳೆಯಲ್ಲಿ ಅವರಿಗಿಂತ ಮೊದಲೇ ಎದೆಯುಬ್ಬಿಸಿ ನಿಂತಿತ್ತು.

ಅಂದೇ ಬೆಳಿಗ್ಗೆ ಪಕ್ಕದ ಮನೆಯ ಪರಮಶಿವಪ್ಪ ಬಂದರು. ತಮ್ಮ ಮಹಾಂತೇಶನ ಜೊತೆ ಅವರಿಗಿದ್ದ ಜಮೀನಿನ ಜಗಳ ಬೀದಿಗೆಲ್ಲ ಗೊತ್ತು.

“ಮೇಷ್ಟ್ರೇ, ಆ ಉಚ್ಚಂಗಪ್ಪನೋರ ನಂಬರ್ ಕೊಡಿ. ನಮ್ದೊಂದು ಹಿಸ್ಸೆ ಮುಗಿಸಿ ಕೊಡ್ಲಿ.”

“ಅಂಥೋರು ಯಾರೂ ಇಲ್ಲ ಕಣ್ರೀ. ನಾನೇ ಹುಟ್ಟಿಸಿದ್ದು.”

“ನಿಮ್ಮಪ್ಪನ ವಯಸ್ಸಿನೋರನ್ನ ನೀವು ಹುಟ್ಟಿಸಿದ್ರಾ? ಕೊಡಲ್ಲ ಅಂದ್ರೆ ಬಿಡಿ. ನಾವೇ ಹುಡುಕ್ಕೊಂತೀವಿ.”

ಮಾತು ಬಿಟ್ಟು ವರ್ಷಗಳಾಗಿದ್ದ ಅಣ್ಣತಮ್ಮಂದಿರು ಶಿಕಾರಿಪುರದ ಬಸ್ಸು ಹತ್ತಿ ಒಂದೇ ಸೀಟಿನಲ್ಲಿ ಕೂತರು. ಮೇಷ್ಟರಿಗೆ ಹೆಮ್ಮೆಯಿಂದ ತಿಂಡಿಯೂ ಸೇರಲಿಲ್ಲ.

ಪರಮಶಿವಪ್ಪನವರ ಹೆಂಡತಿ ಸರ್ವಮಂಗಳ ಕಾಂಪೌಂಡಿನಾಚೆಯಿಂದ ಬೀದಿಗೆಲ್ಲ ಕೇಳುವಂತೆ ಹೇಳಿದರು: “ನಾನೇ ನೋಡಿದೀನಲ್ಲ ಅವ್ರನ್ನ, ಶಿಕಾರಿಪುರದ ಮದುವೇಲಿ. ಸ್ವಲ್ಪ ಕಾಲೆಳೆದು ನಡೀತಾರೆ. ಮೇಷ್ಟ್ರು ಅದನ್ನೇ ಬರ್ದಿಲ್ಲ ನೋಡಿ.”

ಮಧ್ಯಾಹ್ನದೊಳಗೆ ಈ ಸುದ್ದಿ ಸಾಹಿತ್ಯ ಬಳಗದ ಅಧ್ಯಕ್ಷ ಹರಿಹರರಿಗೆ ಮುಟ್ಟಿತು. ಫೋನ್ ಬಂತು.

“ನಿರಂಜನ, ಬಹುಮಾನ ಇರೋದು ಕಲ್ಪನೆಗೆ. ಇರೋರನ್ನ ನೋಡಿ ಬರೆದ್ರೆ ಅದು ವರದಿ.”

“ಅವನು ಇಲ್ಲ ಸಾರ್. ಹಿಸ್ಸೆ ಮಾಡಿಸಿ ಇಬ್ಬರ ಹತ್ರನೂ ಒಳ್ಳೆಯವನಾಗಿ ಉಳಿಯೋ ಮನುಷ್ಯ ಎಲ್ಲಾದ್ರೂ ಇರ್ತಾನಾ?” ಹೆತ್ತ ಮಗನನ್ನೇ ದೂರಿದಂತೆ ಮೇಷ್ಟರ ನಾಲಿಗೆ ತೊದಲಿತು.

“ಓದಿದಾಗ ನಂಗೂ ಇದಾನೆ ಅಂತಲೇ ಅನ್ನಿಸ್ತಲ್ಲಪ್ಪ. ಅದೇ ತೊಂದರೆ.”

ಆ ಮಾತಿಗೆ ಮೇಷ್ಟರ ಎದೆ ಇನ್ನಷ್ಟು ಉಬ್ಬಿತು. ಬಹುಮಾನ ಇನ್ನಷ್ಟು ದೂರ ಸರಿಯಿತು.

ಸಂಜೆ ಸಭೆ ತುಂಬಿತ್ತು. ಪರಮಶಿವಪ್ಪ, ಮಹಾಂತೇಶ ಇಬ್ಬರೂ ಹೆಗಲಿಗೆ ಟವೆಲ್ ಹಾಕಿದ ಮುದುಕರೊಬ್ಬರನ್ನು ಮದುಮಗನಂತೆ ಕೈಹಿಡಿದು ಕರೆತಂದರು.

“ನಿಮ್ಮ ಹೆಸರು?” ಹರಿಹರರು ಕೇಳಿದರು.

“ಉಚ್ಚಂಗಪ್ಪ ರೀ.”

“ಊರು?”

“ಶಿಕಾರಿಪುರ ರೀ.”

“ಕಾಲೆಳೀತಾನೇ ಇಲ್ವಲ್ಲ,” ಎಂದು ಯಾರೋ ಅಂದರು. ಮುದುಕರು ಕೂಡಲೇ ಎಡಗಾಲು ಎಳೆಯುತ್ತ ವೇದಿಕೆ ಹತ್ತಿದರು. ಮೇಷ್ಟರಿಗೆಂದು ತಂದಿದ್ದ ಶಾಲು ಹೊದಿಸಿಕೊಂಡು, ಬಲಗಾಲು ಎಳೆಯುತ್ತ ಇಳಿದರು. ಬಹುಮಾನ ಈ ವರ್ಷ ಯಾರಿಗೂ ಇಲ್ಲವೆಂದು ಸಾರಿದ ಹರಿಹರರು ಮೇಷ್ಟರಿಗೆ ಬುದ್ಧಿಯನ್ನೂ ಹೇಳಿದರು: “ಮನುಷ್ಯರನ್ನ ಸರಿಯಾಗಿ ನೋಡಿ ಬರೀಬೇಕಪ್ಪ. ಕಾಲನ್ನೇ ಬಿಟ್ಟಿದೀಯಲ್ಲ.”

ಕಾಫಿಯ ಹೊತ್ತಿಗೆ ಮುದುಕರು ಮೇಷ್ಟರ ಪಕ್ಕ ಬಂದು ಕೂತು ದನಿ ತಗ್ಗಿಸಿದರು.

“ಸಾರ್, ನಂದು ಚಪ್ಪಲಿ ಅಂಗಡಿ ಐತ್ರಿ. ಉಚ್ಚಂಗಪ್ಪ ನೀವೇನಾ ಅಂದ್ರು, ನನ್ ಹೆಸರೂ ಅದೇ ಐತಲ್ರಿ, ಹೌದು ಅಂದೆ. ಬಿಡ್ಲೇ ಇಲ್ಲ. ನಾಳೆ ಹಿಸ್ಸೆ ಮಾಡ್ಸಬೇಕಂತ. ಹೊಲ ಎರಡು ಪಾಲು ಆಗ್ತತಿ, ಬಾವಿ ಒಂದೇ ಐತಿ. ಏನ್ ಮಾಡ್ಲಿ ಹೇಳ್ರಿ.”

ಸಿಟ್ಟಿನಿಂದ ಕುದಿಯುತ್ತಿದ್ದ ಮೇಷ್ಟರು ತಣ್ಣಗಾದರು. ಕಡೆಗೂ ಒಬ್ಬರು ಉಚ್ಚಂಗಪ್ಪನ ವಿಷಯವನ್ನು ತಮ್ಮಲ್ಲಿ ಕೇಳಿದ್ದರು. ಬೆನ್ನು ನೆಟ್ಟಗೆ ಮಾಡಿ ಹೇಳಿದರು: “ಬಾವಿ ಅಣ್ಣನಿಗೆ ಬಿಡಿ. ತಮ್ಮನಿಗೆ ಅದರ ಬೆಲೆ ಕೊಡಿಸಿ.”

ಮುದುಕರು ಶಾಲು ಸರಿಪಡಿಸಿಕೊಂಡು ಯೋಚಿಸಿದರು.

“ಇಲ್ರಿ ಸಾರ್. ಬಸ್ಸಿನಾಗ ಎರಡು ಸಲ ಕತಿ ಓದೀನಿ. ಉಚ್ಚಂಗಪ್ಪ ಹಂಗ ಮಾಡೋ ಮನುಷ್ಯ ಅಲ್ಲ.”

ಹುಟ್ಟಿಸಿದವನು ನಾನು ಎನ್ನಲು ಮೇಷ್ಟರು ಬಾಯಿ ತೆರೆದರು. ಯೋಚಿಸಿದರೆ, ನಿಜ. ಅವನು ಹಾಗೆ ಮಾಡುವವನಲ್ಲ.

ಮೇಷ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

“ಹಾಗಾದ್ರೆ ಏನ್ ಮಾಡ್ತಾರೆ ಅವ್ರು?”