ಬಾಳೆಹಣ್ಣಿಗೆ ದಾರಿ ಬಿಟ್ಟ ಪಟ್ಟದ ಹೋರಿಯವರಿಗೆ

ಕಲ್‌ಕೆರೆಪಟ್ಟಿ, ಕಂಬಂ ಕಣಿವೆ
ಭಾನುವಾರ

ಮಾನ್ಯರೇ,

ನೂರಿಪ್ಪತ್ತು ದೇವರ ಹಸುಗಳ ಮುಂದಾಳೂ, ನೊಗವನ್ನೇ ಕಾಣದ ಕುತ್ತಿಗೆಯುಳ್ಳವರೂ, ನಮ್ಮ ಪಟ್ಟಣ ಪಂಚಾಯತಿಯ ಹದಿನೈದು ವಾರ್ಡುಗಳಲ್ಲಿ ಯಾರ ಹಿತ್ತಿಲಿಗಾದರೂ ಹೇಳದೆ ಕೇಳದೆ ಹೋಗಿಬರಬಲ್ಲ ಏಕೈಕ ಜನನಾಯಕರೂ ಆದ ತಮ್ಮ ನಾಲ್ಕೂ ಗೊರಸುಗಳಿಗೆ ಬೇರೆ ಬೇರೆಯಾಗಿ ನಮಸ್ಕರಿಸಿ ಈ ಪತ್ರ ಬರೆಯುತ್ತಿದ್ದೇನೆ. ಪಂಚಾಯತಿಗೆ ಕೊಡುವ ಅರ್ಜಿಗಳನ್ನು ನಾನು ತಮಿಳಿನಲ್ಲೇ ಬರೆಯುತ್ತೇನೆ. ತಮಗೆ ಮಾತ್ರ ಕನ್ನಡ, ಏಕೆಂದರೆ ಕರುವಾಗಿದ್ದಾಗಿನಿಂದ ತಾವು ಬೈಸಿಕೊಂಡದ್ದು ಈ ಭಾಷೆಯಲ್ಲಿ. ಹನ್ನೊಂದನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ಮೈಸೂರಿನ ಹಣ್ಣಿನ ಮಂಡಿಯಲ್ಲಿ ಎರಡು ವರ್ಷ ಲಾರಿ ಇಳಿಸುವಾಗ ಅಕ್ಷರ ಕಲಿತವನು ನಾನು. ತಪ್ಪು ಕಂಡ ಕಡೆ ಮೇದುಬಿಡಿ.

ಊರಿನ ಪರಿಚಯ ತಮಗೆ ಬೇಕಿಲ್ಲ, ಆದರೆ ಪತ್ರ ಬಹಿರಂಗವಾದ್ದರಿಂದ ಓದುವ ಬೇರೆಯವರಿಗೆ ಬೇಕು. ಪಂಚಾಯತಿ ಕಚೇರಿಯ ಗೋಡೆಯ ಮೇಲೆ ಊರಿನ ನಕ್ಷೆಯಿದೆ: ಪಶ್ಚಿಮಕ್ಕೆ ಬೆಟ್ಟ, ಪೂರ್ವಕ್ಕೆ ಕಾಲುವೆ, ನಡುವೆ ದ್ರಾಕ್ಷಿ ಚಪ್ಪರ, ಬಾಳೆ, ತೆಂಗು, ಎರಡು ನೀರಿನ ಟ್ಯಾಂಕು, ಒಂದು ಬಸ್ ನಿಲ್ದಾಣ. ಉತ್ತರಕ್ಕೆ ಹೋದರೆ ತೇನಿ ಸಿಗುತ್ತದೆ, ದಕ್ಷಿಣಕ್ಕೆ ಹೋದರೆ ಗೂಡಲೂರು ಸಿಗುತ್ತದೆ, ಎಲ್ಲಿಗೂ ಹೋಗದೆ ನಿಂತರೆ ನಾನು ಸಿಗುತ್ತೇನೆ. ಆ ನಕ್ಷೆಯಲ್ಲಿ ಕಾಣದಿರುವುದು ಒಂದೇ, ನಮ್ಮ ದೊಡ್ಡಿಯಿಂದ ಶಾಲೆಯ ಹಿಂಗೋಡೆಗೆ ಒತ್ತಿಕೊಂಡು ಬೆಟ್ಟದ ಬುಡದ ಮೇವಿಗೆ ಹೋಗುವ ಹಸುಗಳ ದಾರಿ.

ಅದು ಏಕೆ ಕಾಣುವುದಿಲ್ಲ ಎಂದರೆ, ನಮ್ಮ ಹಿರಿಯರು ಬಹಳ ಭಕ್ತರಾಗಿದ್ದುದರಿಂದ. ಅವರು ನೂರಾರು ವರ್ಷಗಳ ಹಿಂದೆ ಕನ್ನಡನಾಡಿನಿಂದ ಹಸುಗಳ ಹಿಂದೆಯೇ ನಡೆದು ಬಂದರೆಂದೂ ಹಸುಗಳು ಮಲಗಿದ ಕಡೆ ಊರು ಕಟ್ಟಿದರೆಂದೂ ನನ್ನ ಅಜ್ಜಿ ಮೂಕಮ್ಮಾಳ್ ಹೇಳುತ್ತಾಳೆ. ನಾನು ನೋಡಿಲ್ಲ, ಹಾಗಾಗಿ ಹೌದೆಂದು ಬರೆಯಲಾರೆ. ಆದರೆ ಅಜ್ಜಿ ತಾನೇ ಕಂಡದ್ದು ಒಂದಿದೆ. ಆಕೆ ಮದುವೆಯಾಗಿ ಬಂದ ವರ್ಷ ಭೂಮಿ ಅಳೆಯುವವರು ಬಂದು ಈ ದಾರಿ ಯಾರದು, ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿದಾಗ, ನಮ್ಮ ಹಿರಿಯರು ಹೆಗಲ ಟವೆಲನ್ನು ಕಂಕುಳಿಗೆ ಇಳಿಸಿ ವಿನಯದಿಂದ, ಅದು ದೇವರ ಹಸುಗಳದು, ಅದರ ಮೇಲೆ ಹೆಬ್ಬೆಟ್ಟು ಒತ್ತಲು ನಾವು ಯಾರು, ಅವನ್ನೇ ಕೇಳಿ ಎಂದರಂತೆ. ಅಳೆಯುವವರು ಕೇಳಲಿಲ್ಲ. ಖಾಲಿ ಜಾಗ ಎಂದು ಬರೆದುಕೊಂಡು ಎಳನೀರು ಕುಡಿದು ಹೋದರು.

ಈಗ ಆ ಖಾಲಿ ಜಾಗದಲ್ಲಿ ಬೈಕ್ ನಿಲ್ಲಿಸುವ ಶೆಡ್ ಕಟ್ಟಲು ಪಂಚಾಯತಿ ಹೊರಟಿದೆ. ನಮ್ಮವರು ಹೋಗಿ ಕೂಗಾಡಿದ ಮೇಲೆ ಅಧಿಕಾರಿಗಳು ನ್ಯಾಯವಾದ ಮಾತನ್ನೇ ಆಡಿದರು: ಹಸುಗಳು ನಡೆಯುವ ದಾರಿ ಎಂದಾದರೆ ಮೂವತ್ತು ದಿನ ನೋಡಿ ಬರೆಯಿರಿ, ಮೂವತ್ತನೆಯ ದಿನ ಬುಧವಾರ ಬೆಳಿಗ್ಗೆ ಸರ್ವೇಯರ್ ಕಣ್ಣಾರೆ ನೋಡುತ್ತಾರೆ, ನಡೆದರೆ ದಾರಿ, ಇಲ್ಲದಿದ್ದರೆ ಶೆಡ್. ಬರೆಯುವ ಕೆಲಸಕ್ಕೆ, ಎಲ್ಲೂ ಒಂದು ಕಡೆ ಕೂರದವನೆಂದು ಹೆಸರಾದ ನನ್ನನ್ನು ನಮ್ಮವರೇ ಆರಿಸಿದರು. ದಿನವೂ ತಮ್ಮ ಹಿಂದೆ ನಡೆದೆ. ಮೊದಲ ಎಂಟು ದಿನ ತಾವು ರಾಜಗಾಂಭೀರ್ಯದಿಂದ ಹಳೆಯ ದಾರಿಯಲ್ಲೇ ಹೋದಿರಿ. ನಾನು ಹಾಗೆಯೇ ಬರೆದೆ.

ಒಂಬತ್ತನೆಯ ದಿನ ಪಾಂಡೀಶ್ವರಿ ಅಕ್ಕ ತನ್ನ ಹಣ್ಣಿನ ಗಾಡಿಯನ್ನು ಬಸ್ ನಿಲ್ದಾಣದ ಮೂಲೆಗೆ ತಂದು ನಿಲ್ಲಿಸಿದಳು. ಗಾಳಿಯಲ್ಲಿ ಬಂದ ಸುದ್ದಿಯನ್ನು ಹಿಡಿಯುವುದರಲ್ಲಿ ತಮಗಿರುವ ಚುರುಕು ನಮ್ಮ ಕೌನ್ಸಿಲರುಗಳಿಗೂ ಇಲ್ಲ. ದಾರಿಯ ಬಾಯಿಯಲ್ಲಿ ಒಂದು ಗಳಿಗೆ ನಿಂತಿರಿ, ಮೂಗು ಎತ್ತಿದಿರಿ, ಎಡಕ್ಕೆ ತಿರುಗಿದಿರಿ. ಹಿಂದಿನ ಹಸುಗಳೂ ತಿರುಗಿದವು. ಅಂದಿನಿಂದ ಇಂದಿನವರೆಗೆ ಹತ್ತೊಂಬತ್ತು ದಿನ, ಕೊಳೆತ ಬಾಳೆಹಣ್ಣಿಗಾಗಿ, ಕೇರಳದ ಕುಮಿಳಿಗೆ ಓಡುವ ಜೀಪು ಲಾರಿಗಳ ನಡುವೆ ಅಷ್ಟೂ ಬಳಗವನ್ನು ನಡೆಸಿ, ಬೈಪಾಸ್ ದಾಟಿ, ಸುತ್ತು ಬಳಸಿ ಬೆಟ್ಟ ಸೇರಿದ ತಮ್ಮ ಮುಂದಾಳುತನವನ್ನು ಎಷ್ಟು ಹೊಗಳಿದರೂ ಸಾಲದು. ಹಳೆಯ ದಾರಿಯಲ್ಲಿ ತಮ್ಮ ಕಾಲು ತೊಳೆಯಲು ಅರಿಸಿನದ ನೀರು ಹಿಡಿದು ನಿಲ್ಲುವ ಜೆಯಲಕ್ಷ್ಮಿ ಅತ್ತೆ ದಿನವೂ ತುಂಬಿದ ಚೊಂಬನ್ನು ನುಗ್ಗೆ ಗಿಡಕ್ಕೆ ಸುರಿದು ಒಳಗೆ ಹೋಗುತ್ತಾಳೆ. ಗಿಡ ಹೂ ಬಿಟ್ಟಿದೆ. ಅಷ್ಟು ಲಾಭವಾಗಿದೆ.

ಬೈಪಾಸಿನ ನಡುವೆ ಸದ್ಯದಲ್ಲೇ ಸಿಮೆಂಟಿನ ತಡೆಗೋಡೆ ಬರುತ್ತದೆ. ಆಮೇಲೆ ಸುತ್ತಿನ ದಾರಿಯೂ ಇಲ್ಲ. ಹಳೆಯದೂ ಹೋದರೆ ಬೆಟ್ಟವಿಲ್ಲ, ಮೇವಿಲ್ಲ. ಎಂದೂ ಹಗ್ಗ ಕಾಣದ ನೂರಿಪ್ಪತ್ತು ಕುತ್ತಿಗೆಗಳು ಯಾವುದೋ ಊರಿನ ಗೋಶಾಲೆಯಲ್ಲಿ ಗೂಟಕ್ಕೆ ಬೀಳುತ್ತವೆ. ತಮ್ಮದೂ ಸೇರಿ.

ಇದನ್ನು ತಪ್ಪಿಸಲು ನಮ್ಮವರಿಗೆ ಸುಲಭದ ಉಪಾಯ ತೋಚಿತು. ದೊಡ್ಡಿ ನೋಡಿಕೊಳ್ಳುವ ಅಯ್ಯನಾರ್ ಮಾವ ನನ್ನ ನೋಟ್‌ಪುಸ್ತಕದ ಮೇಲೆ ಬೆರಳಿಟ್ಟು, "ಏನ್ಡಾ ಜೀವಾ, ಪೇನಾ ನಿನ್ ಕೈಲಿ ತಾನೇ ಇರೋದು? ದಾರೀಲೇ ಹೋಯ್ತು ಅಂತ ಬರ್ದುಡು. ಹೋರಿ ಬಂದು ಇಲ್ಲ ಅಂತ ಸಾಕ್ಷಿ ಹೇಳುತ್ತಾ?" ಎಂದರು. ಹೋರಿ ಹೇಳದಿದ್ದರೆ ನಾನೇ ಹೇಳಬೇಕಾಗುತ್ತದೆ ಮಾವ, ಎಂದೆ. ಅಂದಿನಿಂದ ಮಾವ ನನ್ನೊಡನೆ ಮಾತು ಬಿಟ್ಟಿದ್ದಾರೆ. ಅಜ್ಜಿ ಬಿಟ್ಟಿಲ್ಲ, ಬಿಟ್ಟಿದ್ದರೆ ಚೆನ್ನಾಗಿತ್ತು. "ಪಳ್ಳಿಕೂಡ ತಾನ್ ಬಿಟ್ಟೆ, ಸರಿ ಪಾ. ನಾಕ್ ಊರು ಸುತ್ತಿ ಬಂದೋನು ಒಂದ್ ಸುಳ್ಳು ಹೇಳೋದನ್ನಾದ್ರೂ ಕಲ್ತ್ಕೊಂಡ್ ಬರಬಾರ್ದಾ?" ಎಂದು ಕೇಳುತ್ತಾಳೆ. ನನ್ನನ್ನು ಶಾಲೆಯಿಂದ ಬಿಡಿಸಿದ್ದೂ ಇದೇ ರೋಗ. ತನಿಖೆಗೆ ಬಂದವರು ಲ್ಯಾಬ್ ಇದೆಯೇ ಎಂದು ಕೇಳಿದಾಗ, ಬೀಗ ಇದೆ, ಒಳಗೆ ಏನಿದೆಯೋ ನೋಡಿಲ್ಲ ಎಂದಿದ್ದೆ.

ಆದ್ದರಿಂದ ಮಾನ್ಯರೇ, ಹಿರಿಯರು ಅಂದು ಹೇಳಿದಂತೆ ತಮ್ಮನ್ನೇ ಕೇಳಲು ಬಂದಿದ್ದೇನೆ. ಬುಧವಾರ ತಮಗೆ ವಾರದ ರಜೆ ಇದ್ದರೆ ದಯವಿಟ್ಟು ಮುಂದೂಡಿ. ಏಳೂವರೆಗೆ ಸರಿಯಾಗಿ ದೊಡ್ಡಿಯಿಂದ ಹೊರಟು, ಗುರುತಿನ ಚೀಟಿಯನ್ನು ಕೊಂಬಿಗೆ ತೂಗುಹಾಕಿಕೊಂಡು, ದಾರಿಯ ಬಾಯಿಯಲ್ಲಿ ನಿಂತಿರುವ ಸರ್ವೇಯರ್ ಅವರಿಗೆ ವಣಕ್ಕಂ ಹೇಳಿ, ಬಲಕ್ಕೆ ತಿರುಗಿ. ಸಾಧ್ಯವಾದರೆ ಅಳತೆಯ ಟೇಪಿನ ಒಂದು ತುದಿಯನ್ನು ತಾವೇ ಕಚ್ಚಿ ಹಿಡಿಯಿರಿ. ಸಹಿ ಬರದಿದ್ದರೆ ಚಿಂತೆಯಿಲ್ಲ, ತಮ್ಮ ಸಗಣಿಯನ್ನು ಸರ್ಕಾರ ಒಪ್ಪುತ್ತದೆಯೇ ಎಂದು ವಿಚಾರಿಸುತ್ತೇನೆ.

ಹಾಗೆ ವಿಚಾರಿಸುವ ಧೈರ್ಯ ಬಂದದ್ದಕ್ಕೆ ಕಾರಣವಿದೆ. ಮೊನ್ನೆ, ತಾವು ಹಣ್ಣಿನ ಸಿಪ್ಪೆಯಲ್ಲಿ ಮಗ್ನರಾಗಿದ್ದಾಗ, ಹಳೆಯ ದಾರಿಯನ್ನೂ ಒಮ್ಮೆ ನೋಡಿಯೇ ಬರೆಯೋಣವೆಂದು ಹೋದೆ. ಅಲ್ಲಿ ಹಸಿ ಸಗಣಿ ಬಿದ್ದಿತ್ತು. ಮುಂದೆ ಹೋದರೆ, ಬಳಗದ ಬಾಲದಲ್ಲಿ ಕುಂಟುತ್ತಾ ಬರುವ, ಒಂದು ಕಣ್ಣು ಮಂಜಾದ, ಯಾರೂ ಲೆಕ್ಕಕ್ಕೆ ಹಿಡಿಯದ ಆ ಮುದಿ ಬಿಳಿ ಹಸು ಒಂಟಿಯಾಗಿ, ನಿಧಾನವಾಗಿ ಬೆಟ್ಟದ ಕಡೆ ನಡೆಯುತ್ತಿತ್ತು. ನಿನ್ನೆಯೂ ಹೋಯಿತು. ಇಂದೂ ಹೋಯಿತು. ಹಿಂದಿನ ದಿನಗಳದ್ದು ನಾನು ನೋಡಿಲ್ಲ, ಬರೆದೂ ಇಲ್ಲ. ಆದರೆ ಈ ಮೂರು ದಿನ ನನ್ನ ಪುಸ್ತಕದಲ್ಲಿ "ಬಳಗ: ಬಸ್ ನಿಲ್ದಾಣ" ಎಂಬುದರ ಕೆಳಗೆ "ಹಳೆಯ ದಾರಿ: ಒಂದು" ಎಂದಿದೆ. ಅಯ್ಯನಾರ್ ಮಾವ ಹೇಳಿದಂತೆ ಬರೆದು ಮನೆಯಲ್ಲಿ ಕುಳಿತಿದ್ದರೆ ಈ ಒಂದು ಸಿಗುತ್ತಿರಲಿಲ್ಲ.

ಒಂದೇ ಹಸು ನಡೆದರೂ ಅದನ್ನು ದಾರಿ ಎನ್ನಬಹುದೇ ಎಂದು ಸರ್ವೇಯರ್ ಅವರನ್ನು ಕೇಳುತ್ತೇನೆ. ಅವರು ಏನು ಹೇಳುತ್ತಾರೋ ಗೊತ್ತಿಲ್ಲ. ತಮ್ಮಲ್ಲಿ ನನ್ನ ಕೊನೆಯ ಬಿನ್ನಹ ಇಷ್ಟೇ: ಇಷ್ಟು ವರ್ಷ ಎಲ್ಲರೂ ತಮ್ಮ ಹಿಂದೆ ಬಂದಿದ್ದಾರೆ. ಬುಧವಾರ ಒಂದು ಬೆಳಿಗ್ಗೆ ತಾವು ಆಕೆಯ ಹಿಂದೆ ಹೋಗಿ.

ತಮ್ಮ ಬಾಲದಿಂದ ಹತ್ತಡಿ ದೂರದಲ್ಲಿ ಇಪ್ಪತ್ತೇಳು ದಿನ ನಡೆದ,
ತಮ್ಮ ವಿಶ್ವಾಸಿ,
ಜೀವಾ

ಮರೆತ ಮಾತು: ಬುಧವಾರ ಪಾಂಡೀಶ್ವರಿ ಅಕ್ಕನ ಗಾಡಿ ಎಂದಿನಂತೆ ಮೂಲೆಯಲ್ಲೇ ಇರುತ್ತದೆ, ತೆಗೆಸಲು ನಾನು ಒಪ್ಪಲಿಲ್ಲ. ನನ್ನ ಅಜ್ಜಿ ಹಳೆಯ ದಾರಿಯ ತುದಿಯಲ್ಲಿ ಸೀರೆಯ ಸೆರಗಿನಡಿ ಕಬ್ಬು ಬಚ್ಚಿಟ್ಟುಕೊಂಡು ನಿಲ್ಲಲಿದ್ದಾಳೆ. ನನಗೆ ತಿಳಿದುಬಿಟ್ಟಿರುವುದರಿಂದ ಅದನ್ನೂ ಬರೆಯಬೇಕಾಗುತ್ತದೆ. ಆದ್ದರಿಂದ ದಯವಿಟ್ಟು ಎರಡನ್ನೂ ಮೂಸದೆ ನಡೆಯಿರಿ. ಬಾಳೆಹಣ್ಣು ಕಂಡು ದಾರಿ ಬಿಟ್ಟವರಲ್ಲಿ ಈ ಊರಿಗೆ ತಾವೇ ಮೊದಲಿಗರಲ್ಲ, ನೊಂದುಕೊಳ್ಳಬೇಡಿ. ಉಳಿದವರೆಲ್ಲ ಮುಂದಿನ ಚುನಾವಣೆಗೆ ನಿಲ್ಲುತ್ತಿದ್ದಾರೆ.